ಹೊಂಡದ ನೀರು ಚೆಲ್ಲೂಕಿಂತ ಮೊದಲ

ತಮ್ಮಾ, ಹುಲಗೂರಿನ ಮನಿ ಹಿತ್ತಲದಾಗ ನೀ ತೋಡಿಸಿದ ಹೊಂಡದಾಗ ಗೊದಮೊಟ್ಟಿ ತುಂಬ್ಯಾವ, ರಾತ್ರಿ ಕಪ್ಪಿ ಗದ್ದಲಕ್ಕ ಕೂಸು ಮಲಗವಲ್ದು, ನೀರು ಚೆಲ್ಲಿ ಬ್ಲೀಚಿಂಗ್ ಪುಡಿ ಹೊಡೀತೀನಿ ಅಂದಿಯಲ್ಲ, ಅವಸರ ಮಾಡಬ್ಯಾಡ. ಮಳಿ ಕೈಕೊಟ್ಟ ವರ್ಷ ಕಪ್ಪಿಗೆ ಬಾಸಿಂಗ ಕಟ್ಟಿ ಮದುವಿ ಮಾಡೋ ಸೀಮಿ ನಮ್ಮದು. ಅವು ತಾವಾಗೇ ಹಿತ್ತಲಕ್ಕ ಬಂದು ಸಂಸಾರ ಹೂಡಿದ್ರ ನಿದ್ದಿ ಕೆಡತೈತಿ ಅಂತೀವಿ!

ಜೋರು ಮಳಿ ಬಿದ್ದ ರಾತ್ರಿ ಬ್ಯಾಟರಿ ಹಿಡದು ಹೋಗಿ ನೋಡು. ಮೈಯೆಲ್ಲಾ ಹಳದಿ ಮಾಡ್ಕೊಂಡು, ಗಂಟಲದ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ಕೂಗೂದು ಗೂಳಿಕಪ್ಪಿಯ ಗಂಡು. ಮಳಿಗಾಲದ ಆ ಸಡಗರ ಮುಗೀತಂದ್ರ ಮತ್ತ ಹಸರು-ಕಂದು ಬಣ್ಣ. ಇದರ ಕಾಲು ಒಂದು ಕಾಲಕ್ಕ ಹಡಗು ಹತ್ತಿ ಪರದೇಶಕ್ಕ ಹೋಗ್ತಿದ್ವು. 1987ರಾಗ ಸರ್ಕಾರ ಆ ರಫ್ತು ಬಂದ್ ಮಾಡ್ತು. ಕರೀ ಮಣಿ ಪೋಣಿಸಿದ ದಾರಧಂಗ ನೀರಾಗ ಉದ್ದಕ ಬಿದ್ದಿರೂದು ನೆಲಗಪ್ಪಿ ತತ್ತಿ. ನೀರಿನ ಮ್ಯಾಲ ಬಾಗಿದ ಟೊಂಗಿಗೆ ಬಿಳೀ ನೊರಿ ಮುದ್ದಿ ಅಂಟಿದ್ರ ಕಿತ್ತು ಒಗಿಬ್ಯಾಡ, ಅದು ಮರಗಪ್ಪಿ ಗೂಡು. ತತ್ತಿ ಒಡದ ಮ್ಯಾಲ ಮರಿ ಅಲ್ಲಿಂದನ ನೀರಿಗೆ ಬೀಳ್ತಾವ. ಗೂಳಿಕಪ್ಪಿ ಮರಿ ಉಳಿದ ಮರಿಗಳನ್ನ ತಿಂತಾವ. ನೋಡಿ ಮರುಗಿ ನಡುವ ಕೈ ಹಾಕಬ್ಯಾಡ.

ಹಿಂಗ ರಾತ್ರಿ ಕುಂತು ನೋಡೂದು ಕೆಲಸಿಲ್ಲದವರ ಕೆಲಸ ಅಂದ್ಕೋಬ್ಯಾಡ. ಉತ್ತರ ಕನ್ನಡದ ಕತ್ತಲೆಕಾನದಾಗ ಗಂಡು ಕಪ್ಪಿ ಕೈಲೆ ಕೆಸರು ತಗೊಂಡು ತತ್ತಿಗೆ ಮೆತ್ತೂದನ್ನ ನೋಡಿದವರು ಹಿಂಗ ರಾತ್ರಿ ಹಳ್ಳದಾಗ ಕಾದವರು. 2014ರಾಗ ಕಪ್ಪಿ ಸಂಶೋಧಕ ಕೆ.ವಿ. ಗುರುರಾಜ ಮತ್ತವರ ಸಂಗಡಿಗರು ಅದಕ್ಕ ‘ಕುಂಬಾರ’ ಅಂತ ನಮ್ಮ ಮಾತಿನಾಗ ಹೆಸರಿಟ್ಟು ಜಗತ್ತಿಗೆ ತಿಳಿಸಿದ್ರು.

ಹೊಂಡದಾಗ ಸೊಳ್ಳಿ ಹುಟ್ಟಿ ಡೆಂಗಿ ಬಂದೀತು ಅನ್ನೂ ಅಂಜಿಕಿ ಖರೇನ. ಆದ್ರ ಆ ಸೊಳ್ಳಿ ಮೊದಲು ಹುಡುಕೂದು ನಿನ್ನ ಬ್ಯಾರಲ್, ಹಳೇ ಟೈರು, ಕೂಲರಿನ ತಳ, ತೆಂಗಿನ ಚಿಪ್ಪು. ಅವನ್ನ ವಾರಕ್ಕೊಮ್ಮೆ ಬರಿದು ಮಾಡು. ಹೊಂಡದಾಗ ಏರೋಪ್ಲೇನ್ ಚಿಟ್ಟಿ ಮರಿ ಇದ್ರ ಸೊಳ್ಳಿ ಮರಿ ತಿನ್ನೂ ಕೆಲಸ ಅವ ಮಾಡ್ತಾವ. ಹಂಗಂತ ನಂಬಿ ಕುಂದ್ರಬ್ಯಾಡ, ಬಿಳೀ ಮಗ್ಗಿನಾಗ ನೀರು ಮೊಗದು ಆಗಾಗ ನೋಡ್ತಿರು. ಸೊಳ್ಳಿಗಂತ ಗಪ್ಪಿ, ಗ್ಯಾಂಬೂಸಿಯಾ ಮೀನು ತಂದು ಬಿಟ್ರ ಕಪ್ಪಿ ತತ್ತಿ, ಮರಿಗೂ ಬಾಯಿ ಹಾಕ್ತಾವ. ಅವು ಸಿಮೆಂಟ್ ಟಾಕಿಗೆ ಇರಲಿ. ಗೆಳ್ಯಾರ ಹೊಂಡದ ತತ್ತಿ ತಂದು ಇಲ್ಲಿ ಹಾಕೂದೂ ಬ್ಯಾಡ, ಜಡ್ಡು ಸಂಗಡ ಬರತೈತಿ.

ಗೋಡಿ ಕಡಿದಿದ್ರ ಕಾಲು ಬಂದ ಮರಿ ಹತ್ತಾಕ ಒಂದು ಕಲ್ಲು ಓರಿ ಮಾಡಿ ಇಡು. ಕೂಸು ನಡ್ಯಾಕ ಹತ್ತೂದ್ರಾಗ ಸುತ್ತ ಜಾಲರಿ ಕಟ್ಟಿಸು. ಕಪ್ಪಿ ಬಂದಲ್ಲಿ ಹಾವೂ ಬರತೈತಿ. ನೀರ ಹಾವಿಗೆ ವಿಷ ಇಲ್ಲ, ಆದ್ರ ಕತ್ತಲದಾಗ ಅದು ನೀರ ಹಾವೋ ನಾಗರಹಾವೋ ನಿನಗ ಗೊತ್ತಾಗೂದಿಲ್ಲ. ಚಪ್ಪಲಿ ಬಿಟ್ಟು ಬೂಟು ಹಾಕ್ಕೊಂಡು ಹೋಗು.