ಕೋಳಿಮರಿಯ ಕರುಳಿಗೂ ಹೆಪ್ಪು

ಹಿಂದೂಪುರ, ಕಲ್ಯಾಣದುರ್ಗದಂಥ ಮಳೆ ಕಡಿಮೆಯ ಸೀಮೆಯಲ್ಲಿ ಕಡಲೆಕಾಯಿಯೊಂದನ್ನೇ ನಂಬಿ ಸಂಸಾರ ಸಾಗಿಸುವುದು ಕಷ್ಟ. ಬ್ರಾಯ್ಲರ್ ಕೋಳಿ ಸುಮಾರು ಆರು ವಾರದಲ್ಲಿ ಮಾರಾಟಕ್ಕೆ ಬರುತ್ತದೆ. ಆದರೆ ಸಾಕುವ ಖರ್ಚಿನಲ್ಲಿ ನೂರಕ್ಕೆ 60ರಿಂದ 70 ಭಾಗ ಆಹಾರಕ್ಕೇ ಹೋಗುತ್ತದೆ. ತಿಂದದ್ದು ಮೈಗೆ ಹತ್ತಿದರೆ ಮಾತ್ರ ಲಾಭ. ಇದಕ್ಕೆಂದು ಮಾರುವ ಪ್ರೊಬಯಾಟಿಕ್ ಪುಡಿಯ ವಿಷಯ ಈ ಸಲ ತಿಳಿಯೋಣ.

ಪ್ರೊಬಯಾಟಿಕ್ ಎಂದರೇನು?

ಹಾಲಿಗೆ ಹಾಕುವ ಹೆಪ್ಪಿನಲ್ಲಿರುವಂಥ ಉಪಕಾರಿ ಜೀವಾಣುಗಳೇ ಇವು. ಲ್ಯಾಕ್ಟೊಬ್ಯಾಸಿಲಸ್, ಬ್ಯಾಸಿಲಸ್, ಯೀಸ್ಟ್ ಮುಖ್ಯವಾದವು. ನಾಟಿ ಮರಿ ತಾಯಿಯ ಜೊತೆ ನೆಲ ಕೆದಕುತ್ತಾ ಇಂಥ ಜೀವಾಣುಗಳನ್ನು ತಾನಾಗಿ ಪಡೆಯುತ್ತದೆ. ಯಂತ್ರದಲ್ಲಿ ಹುಟ್ಟಿದ ಮರಿಗೆ ತಾಯಿಯ ಸಹವಾಸವಿಲ್ಲ. ದೊಡ್ಡ ಕೋಳಿಯ ಕರುಳಿನ ಜೀವಾಣುಗಳನ್ನು ಕೊಟ್ಟ ಮರಿಗಳಲ್ಲಿ ಸಾಲ್ಮೊನೆಲ್ಲಾ ರೋಗಾಣು ನೆಲೆಯೂರುವುದು ಕಡಿಮೆಯೆಂದು ಫಿನ್ಲೆಂಡಿನ ನುರ್ಮಿ ಮತ್ತು ರಾಂಟಾಲ 1973ರಲ್ಲಿ ತೋರಿಸಿದರು. ಒಳ್ಳೆಯವು ಮೊದಲೇ ಜಾಗ ಹಿಡಿದರೆ ಕೆಟ್ಟವುಗಳಿಗೆ ಎಡೆ ಸಿಗದು.

ಲಾಭವೆಷ್ಟು?

ಕೋಳಿಯೊಂದಕ್ಕೆ 100 ಗ್ರಾಂ ಆಹಾರ ಉಳಿದರೂ 1,000 ಕೋಳಿಗೆ 100 ಕಿಲೊ, ಅಂದರೆ 50 ಕಿಲೊದ ಎರಡು ಮೂಟೆ ಉಳಿದಂತೆ. ಪುಡಿಯ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಕೊಳ್ಳಿರಿ. ಫಲ ಎಲ್ಲ ಕಡೆಯೂ ಒಂದೇ ಸಮನಲ್ಲ. ಆದ್ದರಿಂದ ಶೆಡ್ಡಿನ ನಡುವೆ ಜಾಲರಿ ಕಟ್ಟಿ, ಒಂದು ಭಾಗಕ್ಕೆ ಮಾತ್ರ ಕೊಟ್ಟು, ಎರಡೂ ಕಡೆಯ ಆಹಾರವನ್ನೂ ತೂಕವನ್ನೂ ಬರೆದಿಟ್ಟು ನೋಡಿರಿ.

ನೆನಪಿಡಬೇಕಾದವು

1. ಮರಿ ಬಂದ ಮೊದಲ ದಿನದಿಂದಲೇ ಕೊಡಬೇಕು.

2. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ಕಲಸಬಾರದು, ಜೀವಾಣು ಸಾಯುತ್ತವೆ. ಆಹಾರದಲ್ಲಿ ಬೆರೆಸಿರಿ.

3. ಪೊಟ್ಟಣವನ್ನು ತಂಪಾದ ಜಾಗದಲ್ಲಿಡಬೇಕು. ನಮ್ಮ ಬೇಸಿಗೆಯ ಕಾವನ್ನು ಬ್ಯಾಸಿಲಸ್ ಬೀಜಕಣಗಳು ತಡೆಯುತ್ತವೆ. ಲ್ಯಾಕ್ಟೊಬ್ಯಾಸಿಲಸ್ ಅಷ್ಟು ತಾಳದು.

4. ಕಂಪನಿಯ ಕರಾರಿನಲ್ಲಿ ಸಾಕುವವರು ಅವರ ಮೇಲ್ವಿಚಾರಕರನ್ನು ಕೇಳದೆ ಏನನ್ನೂ ಬೆರೆಸಬಾರದು.

5. ಇದು ಔಷಧಿಯಲ್ಲ. ಕೋಳಿ ಕಾಯಿಲೆ ಬಿದ್ದರೆ ಪಶುವೈದ್ಯರನ್ನು ಕರೆಯಿರಿ.

ನಮ್ಮ ಮನೆಯ ಆರೋಗ್ಯ

ತೂಕ ಹೆಚ್ಚಲೆಂದು ದಿನವೂ ಆಂಟಿಬಯಾಟಿಕ್ ತಿನ್ನಿಸಿದರೆ ಅದಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಅವು ನಮ್ಮ ಮಕ್ಕಳಿಗೆ ತಗುಲಿದಾಗ ವೈದ್ಯರ ಔಷಧಿ ನಾಟುವುದಿಲ್ಲ. ಯುರೋಪಿನ ಒಕ್ಕೂಟ 2006ರಲ್ಲಿ ಈ ಪದ್ಧತಿಯನ್ನು ನಿಲ್ಲಿಸಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಕೋಳಿಗಳಿಗೆ ಕೊಡಬಾರದೆಂದು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಪ್ರೊಬಯಾಟಿಕ್‌ಗೆ ಬೆಲೆಯಿರುವುದು ಇಲ್ಲಿಯೇ. ಆದರೆ ಒಣಗಿದ ಹಾಸು, ಶುದ್ಧ ನೀರು, ಗಾಳಿಯಾಡುವ ಶೆಡ್ಡು ಇಲ್ಲದಿದ್ದಲ್ಲಿ ಯಾವ ಪುಡಿಯಿಂದಲೂ ಪ್ರಯೋಜನವಿಲ್ಲ. ಮೊದಲು ಅವನ್ನು ಸರಿಪಡಿಸಿಕೊಳ್ಳೋಣ.