ಹಳೆಯ ಕಾರಿನ ದಂಬೆಗೆ ಮಳೆಗೆ ಮೊದಲೇ ಮದ್ದು



ಈ ಅಂಕಣದಲ್ಲಿ ತೋಟ, ಹಟ್ಟಿ ಮತ್ತು ಆರೋಗ್ಯದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಸಲ ಅಂಗಳದಲ್ಲಿ ನಿಂತಿರುವ ಹಳೆಯ ಕಾರಿನ ವಿಷಯವನ್ನು ಎತ್ತಿಕೊಂಡಿದ್ದೇವೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಮತ್ತು ಮಾರುತಿ 800, 2019ರಲ್ಲಿ ನಿಂತ ಓಮ್ನಿ ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಇನ್ನೂ ದುಡಿಯುತ್ತಿವೆ. ಅಡಿಕೆ ಗೋಣಿ ಪೇಟೆಗೆ ಹೋಗುವುದು ಅದರಲ್ಲೇ, ಅಪರಾತ್ರಿ ರೋಗಿಯನ್ನು ಮಂಗಳೂರಿಗೆ ಒಯ್ಯುವುದು ಅದರಲ್ಲೇ, ನಡೆಯಲಾರದ ಹಿರಿಯರು ಭಾನುವಾರದ ಪೂಜೆಗೆ ಬರುವುದೂ ಅದರಲ್ಲೇ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಅಧಿಕಾರಿಗಳು ಬಾಡಿಯ ಸ್ಥಿತಿಯನ್ನೂ ನೋಡುತ್ತಾರೆ. ಎಂಜಿನ್ ಗಟ್ಟಿಯಾಗಿದ್ದರೂ ತಗಡು ಕೊಳೆತರೆ ಗಾಡಿ ಗುಜರಿಗೆ ಹೋಗುತ್ತದೆ.

ಮನೆಯ ಮಾಡಿನ ಅಂಚಿಗೆ ಅಡಿಕೆ ಮರದ ದಂಬೆ ಕಟ್ಟುವಂತೆ, ಈ ಕಾರುಗಳ ಮಾಡಿನ ಅಂಚಿಗೂ ಬಾಗಿಲುಗಳ ಮೇಲ್ಗಡೆ ಒಂದು ಸಣ್ಣ ದಂಬೆ ಇರುತ್ತದೆ. ಮಾಡಿನ ತಗಡು ಮತ್ತು ಪಕ್ಕದ ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದು, ನಡುವಿನ ಸಂದಿಗೆ ಸೀಲರ್ ತುಂಬಿ ಅದನ್ನು ಮಾಡಿರುತ್ತಾರೆ. ವರ್ಷಗಳು ಕಳೆದಂತೆ ಈ ಸೀಲರ್ ಒಣಗಿ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗಿಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬು ಬಣ್ಣವನ್ನು ಎತ್ತಿ, ಸಂದಿಯನ್ನು ಮತ್ತಷ್ಟು ತೆರೆಯುತ್ತದೆ. ನೀರು ಬಾಗಿಲಿನ ಕಂಬದೊಳಗೆ ಇಳಿದು ಕಾಲಡಿಯ ತಗಡನ್ನೂ ತಿನ್ನುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಊರಿನಲ್ಲಿ ಇದು ಬಲು ಬೇಗ ನಡೆಯುತ್ತದೆ.

ಕಡಲಗಾಳಿಯ ಉಪ್ಪಿನ ಜೊತೆಗೆ ಕೃಷಿಕರ ಗಾಡಿಗೆ ಬೇರೆ ಶತ್ರುಗಳೂ ಇವೆ. ಬೋರ್ಡೋ ದ್ರಾವಣದ ಹದ ತಿಳಿಯಲು ನಾವು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕುಳಿತರೆ ಸುಣ್ಣ ಸಾಲದು ಎಂದು ತಿಳಿಯುತ್ತೇವೆ. ತಾಮ್ರ ಕುಳಿತಲ್ಲಿ ಕಬ್ಬಿಣ ಕರಗಿ ಹೋಗಿದೆ ಎಂಬುದೇ ಅದರ ಅರ್ಥ. ಮೈಲುತುತ್ತಿನ ಡ್ರಮ್ಮನ್ನು ಕ್ಯಾರಿಯರ್ ಮೇಲೆ ಸಾಗಿಸುವಾಗ ತೊಟ್ಟಿಕ್ಕಿದ ನೀರು ದಂಬೆಯಲ್ಲಿ ನಿಂತು ಇದೇ ಕೆಲಸ ಮಾಡುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿಯೂ ಕಡಲ ಉಪ್ಪಿನಲ್ಲಿರುವ ಕ್ಲೋರೈಡೇ ಇದೆ. ಕ್ಯಾರಿಯರಿನ ಕೊಕ್ಕೆಗಳು ದಂಬೆಯ ಬಣ್ಣವನ್ನು ಕೆರೆಯುತ್ತವೆ. ಹಲಸಿನ ಮರದಡಿ ನಿಲ್ಲಿಸಿದ ಗಾಡಿಯಲ್ಲಿ ತರಗೆಲೆ ಕೊಳೆತು ಒದ್ದೆಯನ್ನು ಹಿಡಿದಿಡುತ್ತದೆ.

ಮೊದಲು ರೋಗ ಎಲ್ಲಿದೆಯೆಂದು ತಿಳಿಯಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಿ. ಇನ್ನೊಬ್ಬರು ತಗ್ಗಿನ ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯುತ್ತಾ ಮೇಲಕ್ಕೆ ಬರಲಿ. ಒಳಗೆ ಒದ್ದೆ ಕಂಡ ಜಾಗವೇ ತೂತಿನ ಜಾಗವಲ್ಲ. ನೀರು ತಗಡಿನ ಬೆನ್ನು ಹಿಡಿದು ಬಹಳ ದೂರ ಹರಿಯುತ್ತದೆ. ಬಳಿಕ ಉಬ್ಬಿದ ಕಡೆ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ. ತಗಡು ಗಟ್ಟಿಯಾಗಿದ್ದರೆ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಮೊನೆ ಒಳಹೊಕ್ಕರೆ ಬೆಸುಗೆಯವರನ್ನು ಕರೆದು, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಹಾಕಿಸಬೇಕು. ತೂತಿಗೆ ಬರಿಯ ಪುಟ್ಟಿ ತುಂಬಿದರೆ ಅದು ತೇವ ಹೀರಿಕೊಂಡು ಒಳಗಿಂದಲೇ ಕಳಚುತ್ತದೆ.

ಕೆಲಸದ ಕ್ರಮ ಹೀಗಿರಲಿ:

1. ಕ್ಯಾರಿಯರ್ ಮತ್ತು ಅಲಂಕಾರದ ಪಟ್ಟಿಯನ್ನು ಬಿಚ್ಚಿ, ಸಡಿಲವಾದ ಹಳೆಯ ಸೀಲರನ್ನು ಪೂರ್ತಿ ಕೆರೆದು ತೆಗೆಯಿರಿ. ಇಲ್ಲಿ ಅವಸರ ಬೇಡ.

2. ತಂತಿ ಬ್ರಶ್ಶಿನಿಂದಲೂ, 80 ನಂಬರಿನ ಮತ್ತು ಆಮೇಲೆ 120 ನಂಬರಿನ ಉಜ್ಜುಕಾಗದದಿಂದಲೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಸಿಹಿನೀರಿನಿಂದ ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸಿ.

3. ಗುಳಿಗಳಲ್ಲಿ ಉಳಿದ ತುಕ್ಕಿಗೆ ತುಕ್ಕು ಪರಿವರ್ತಕ ದ್ರವ ಹಚ್ಚಿ. ಅದರ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುತ್ತದೆ. ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದೂ ಟ್ಯಾನಿನ್ನಿಂದಲೇ. ಪಾಯಿಖಾನೆ ತೊಳೆಯುವ ಆಸಿಡ್ ಮಾತ್ರ ಬೇಡ. ಅದರ ಕ್ಲೋರೈಡ್ ಸಂದಿಯಲ್ಲಿ ಉಳಿದು ಮತ್ತೆ ತುಕ್ಕು ತರುತ್ತದೆ.

4. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಕಾದು ಎಪಾಕ್ಸಿ ಪ್ರೈಮರ್ ಹಚ್ಚಿ.

5. ಅದು ಒಣಗಿದ ಮೇಲೆ ಗಾಡಿಗಳಿಗೆಂದೇ ಸಿಗುವ ಪಾಲಿಯುರೆಥೇನ್ ಸೀಲರನ್ನು ಸಂದಿಯುದ್ದಕ್ಕೂ ಒಂದೇ ಎಳೆಯಾಗಿ ಬಿಟ್ಟು, ಗ್ಲೌಸು ಹಾಕಿದ ಬೆರಳಿನಿಂದ ಸವರಿ. ಹಿಂದೆ ಮುಂದೆ ನೀರು ಹೊರಬೀಳುವ ತುದಿಗಳನ್ನು ಮುಚ್ಚಬೇಡಿ. ಕೊನೆಗೆ ಬಣ್ಣ ಕೊಡಿ.

ಡಾಂಬರು ಬಳಿಯುವ ಅಭ್ಯಾಸ ನಮ್ಮಲ್ಲಿದೆ. ಅದು ಬಿಸಿಲಿಗೆ ಮೆತ್ತಗಾಗಿ, ಚಳಿಗೆ ಬಿರಿದು, ಅಡಿಯಲ್ಲಿ ನೀರನ್ನು ಬಚ್ಚಿಡುತ್ತದೆ. ಹುಳಿ ವಾಸನೆಯ ಸಿಲಿಕೋನಿನಿಂದ ಅಸಿಟಿಕ್ ಆಮ್ಲ ಹೊರಬಿದ್ದು ತಗಡನ್ನು ಕೆಡಿಸುತ್ತದೆ. ಮೇಲೆ ಬಣ್ಣವೂ ಹಿಡಿಯದು. ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ಗಾಡಿಯ ಕುಲುಕಾಟಕ್ಕೆ ಸೀಳುತ್ತದೆ.

ಗಾಡಿ ಉಳಿಸುವ ಭರದಲ್ಲಿ ದೇಹವನ್ನು ಮರೆಯಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು; ಅದರ ಧೂಳು ಮಕ್ಕಳ ಮಿದುಳಿಗೆ ವಿಷ. ಆದ್ದರಿಂದ ಬಣ್ಣವನ್ನು ಒದ್ದೆ ಮಾಡಿ ಉಜ್ಜಿ, ಒಳ್ಳೆಯ ಮಾಸ್ಕ್ ಮತ್ತು ಕನ್ನಡಕ ಧರಿಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಕೆರೆದ ಪುಡಿಯನ್ನು ಬಾವಿಯ ಬಳಿ ಚೆಲ್ಲಬೇಡಿ. ತಗಡು ಗೀರಿದರೆ ಸೋಪಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯುವಿನ ರೋಗಾಣು ತುಕ್ಕಿನಲ್ಲಿ ಹುಟ್ಟುವುದಲ್ಲ, ಮಣ್ಣು ಸಗಣಿಯಲ್ಲಿರುತ್ತದೆ. ಹಟ್ಟಿಯ ಬದಿಯಲ್ಲಿ ನಿಲ್ಲುವ ಗಾಡಿಗೆ ಅದು ಸುಲಭವಾಗಿ ಅಂಟುತ್ತದೆ. ಚುಚ್ಚುಮದ್ದು ಪಡೆದು 10 ವರ್ಷ ಕಳೆದವರು ಈಗಲೇ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಬೆಸುಗೆಗೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮಾಡಿನ ಒಳಬಟ್ಟೆಯನ್ನು ಬಿಚ್ಚಿಸಿ. ಅದು ಕಿಡಿಗೆ ಥಟ್ಟನೆ ಉರಿಯುತ್ತದೆ. ಗ್ಯಾಸಿನಲ್ಲಿ ಓಡುವ ಓಮ್ನಿಯಾದರೆ ಬೆಸುಗೆಯವರಿಗೆ ಮೊದಲೇ ಹೇಳಿ.

ಮಾರ್ಚಿನಿಂದ ಮೇ ನಡುವಿನವರೆಗೆ ಈ ಕೆಲಸಕ್ಕೆ ಸಕಾಲ. ಜೂನ್ ಬಂದ ಮೇಲೆ ಒದ್ದೆ ತಗಡಿಗೆ ಏನನ್ನು ಹಚ್ಚಿದರೂ ನಿಲ್ಲದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ದಂಬೆಯ ಕಸ ತೆಗೆಯಿರಿ. ಮದ್ದು ಬಿಟ್ಟ ದಿನ ಗಾಡಿಯನ್ನು ತಪ್ಪದೆ ತೊಳೆಯಿರಿ.

ಸುಣ್ಣ ಬಳಿದ ಸಮಾಧಿಗಳ ಬಗ್ಗೆ ಪ್ರಭು ಯೇಸು ಆಡಿದ ಮಾತು ನಿಮಗೆ ತಿಳಿದದ್ದೇ. ತುಕ್ಕಿನ ಮೇಲೆ ಬಳಿದ ಬಣ್ಣವೂ ಅಂಥದೇ. ಒಂದು ಮಳೆಗಾಲ ಕಣ್ಣಿಗೆ ಚಂದ, ಮುಂದಿನ ಮಳೆಗಾಲಕ್ಕೆ ತೂತು. ಕೆರೆದು ಶುಚಿ ಮಾಡಿದ ಮೇಲೆಯೇ ಮದ್ದು ಹಿಡಿಯುತ್ತದೆ, ತಗಡಿಗೂ ನಮಗೂ. ಈ ಮಳೆಗಾಲದಲ್ಲಿ ನಿಮ್ಮೆಲ್ಲರ ಪ್ರಯಾಣವನ್ನು ಪ್ರಭು ಕಾಪಾಡಲಿ.