ಚಕ್ಕೋತ ಬಿಡಿಸುವ ಮೊದಲು ಮಾತ್ರೆಯ ಹೆಸರು ಓದಿ

ಚಿಕ್ಕಜಾಲದ ಕಡೆ ಕಾಯಿಲೆಯವರನ್ನು ನೋಡಲು ಹೋಗುವವರ ಕೈಚೀಲದಲ್ಲಿ ಒಂದು ದೇವನಹಳ್ಳಿ ಚಕ್ಕೋತ ಇದ್ದರೆ ಆಶ್ಚರ್ಯವಿಲ್ಲ. ಭೌಗೋಳಿಕ ಸೂಚಕ ಪಡೆದ ನಮ್ಮ ಸೀಮೆಯ ಹಣ್ಣು ಅದು. ಆದರೆ ಕಿಡ್ನಿ ಕಸಿ ಮಾಡಿಸಿಕೊಂಡು ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ನುಂಗುತ್ತಿರುವವರು ಅದನ್ನು ತಿನ್ನಬಾರದು. ಆ ಮಾತ್ರೆಗಳನ್ನು ಒಡೆಯುವ ಕಿಣ್ವವೊಂದು ಕರುಳಿನಲ್ಲಿದೆ. ಚಕ್ಕೋತ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ರಕ್ತದಲ್ಲಿ ಔಷಧದ ಮಟ್ಟ ಏರಿ, ಉಳಿಸಿಕೊಳ್ಳಬೇಕಾದ ಕಿಡ್ನಿಗೇ ಪೆಟ್ಟಾಗಬಹುದು. ಆಸ್ಪತ್ರೆಯ ಚೀಟಿಗಳಲ್ಲಿ ‘ಗ್ರೇಪ್‌ಫ್ರೂಟ್ ಬೇಡ’ ಎಂದಿರುತ್ತದೆ. ಅದು ಚಕ್ಕೋತ ಮತ್ತು ಕಿತ್ತಳೆ ಕೂಡಿ ಹುಟ್ಟಿದ ತಳಿ ಎಂದು ನಮಗೆ ಹೇಳುವವರು ಕಡಿಮೆ.

ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕಸಿಯಾದವರಿಗಷ್ಟೇ ಅಲ್ಲ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್, ಲೂಪಸ್‌ಗೆ ಸ್ಟೀರಾಯ್ಡ್ ಮತ್ತು ಮೈಕೋಫೆನೊಲೇಟ್, ಮಯಸ್ತೇನಿಯಾಗೆ ಅಜಥಯೊಪ್ರಿನ್, ಪೆಂಫಿಗಸ್ ಎಂಬ ಚರ್ಮರೋಗಕ್ಕೆ ರಿಟುಕ್ಸಿಮ್ಯಾಬ್ ಕೊಡುತ್ತಾರೆ. ಇವುಗಳ ಪರಿಣಾಮ ಔಷಧ ನಿಲ್ಲಿಸಿದ ದಿನಕ್ಕೇ ಮುಗಿಯುವುದಿಲ್ಲ. ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿಸಿಕೊಂಡವರಲ್ಲಿ ಬಿ ಕಣಗಳು ಮರಳಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಬೇಕು. ಕೆಲವರಲ್ಲಿ ಪ್ರತಿಕಾಯಗಳ ಮಟ್ಟ ವರ್ಷಗಟ್ಟಲೆ ಕೆಳಗೇ ಉಳಿಯುತ್ತದೆ. ಹಾಗಾಗಿ ಮೊದಲು ಒಂದು ನೋಟ್‌ಬುಕ್ ಇಡಿ: ಯಾವ ಔಷಧ, ಎಷ್ಟು ಮಿಲಿಗ್ರಾಂ, ಶುರುವಾದ ದಿನ, ಕೊನೆಯ ಡೋಸ್‌ನ ದಿನ. ಎರಡು ವರ್ಷದ ನಂತರ ಪದೇಪದೇ ನ್ಯುಮೋನಿಯಾ ಬಂದಾಗ ಹೊಸ ವೈದ್ಯರಿಗೆ ಫೈಲಿಗಿಂತ ಈ ಒಂದು ಪುಟವೇ ಹೆಚ್ಚು ಉಪಯೋಗ. ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯದ ಮಟ್ಟ ನೋಡಬೇಕೇ ಎಂದು ನೀವೇ ಕೇಳಿ.

ಚಿಕಿತ್ಸೆ ಇನ್ನೂ ಶುರುವಾಗಿಲ್ಲದಿದ್ದರೆ ಅದೃಷ್ಟ. ಮುಖ್ಯ ಕೆಲಸಗಳೆಲ್ಲ ಆಗಲೇ ಆಗಬೇಕು. ಒಳಗೆ ಮಲಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ, ದೇಹದ ಕಾವಲು ಸಡಿಲವಾದಾಗ ಎದ್ದು ಕೂರಬಹುದು. ಎರಡಕ್ಕೂ ಪರೀಕ್ಷೆಯಿದೆ. ಮೂರನೆಯದನ್ನು ನಮ್ಮ ಭಾಗದವರು ಬಾಯಿಬಿಟ್ಟು ಹೇಳಬೇಕು: ಬರಿಗಾಲಲ್ಲಿ ಹೊಲ ಮಾಡಿದ್ದೀರಾ? ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳು ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಹೊಕ್ಕರೆ ದಶಕಗಟ್ಟಲೆ ಕರುಳಲ್ಲಿ ಸದ್ದಿಲ್ಲದೆ ಬದುಕಬಲ್ಲದು. ಹೊಲ ಮಾರಿ, ಅದು ಲೇಔಟ್ ಆಗಿ, ಮೇಲೆ ಮೂರು ಮಹಡಿ ಎದ್ದಿದ್ದರೂ ಹುಳು ಹೊಟ್ಟೆಯಲ್ಲೇ ಇರಬಹುದು. ಸ್ಟೀರಾಯ್ಡ್ ಕೊಟ್ಟಾಗ ಅದು ಮಿತಿಮೀರಿ ಹೆಚ್ಚಿ ಪ್ರಾಣಕ್ಕೆ ಕುತ್ತು ತರಬಹುದು. ಮೊದಲೇ ಗೊತ್ತಾದರೆ ಐವರ್‌ಮೆಕ್ಟಿನ್ ಮಾತ್ರೆಯಲ್ಲಿ ಹೋಗುವಂಥದ್ದು.

ಲಸಿಕೆಯ ವಿಷಯದಲ್ಲಿ ಗೊಂದಲ ಹೆಚ್ಚು. ಜೀವಂತ ಲಸಿಕೆಗಳು, ಅಂದರೆ ದಡಾರ, ಸೀತಾಳೆ ಸಿಡುಬು, ಹಳದಿ ಜ್ವರದವು, ಈ ಔಷಧದಲ್ಲಿರುವವರಿಗೆ ಸಾಮಾನ್ಯವಾಗಿ ನಿಷಿದ್ಧ. ಫ್ಲೂ ಚುಚ್ಚುಮದ್ದು, ನ್ಯುಮೋಕಾಕಲ್, ಹೆಪಟೈಟಿಸ್ ಬಿ ಹಾಕಿಸಬಹುದು, ಹಾಕಿಸಲೇಬೇಕು. ಸರ್ಪಸುತ್ತಿಗೆ ಜೀವಂತವಲ್ಲದ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ, ದುಬಾರಿ. ಜೀವಂತವಲ್ಲದ ಈ ಲಸಿಕೆಗಳೆಲ್ಲ ಔಷಧ ಶುರುವಾಗುವ ಕನಿಷ್ಠ ಎರಡು ವಾರ ಮೊದಲೇ ಆದರೆ ಚೆನ್ನಾಗಿ ಹತ್ತುತ್ತವೆ. ಮನೆಯ ಮಕ್ಕಳ ಲಸಿಕೆ ತಪ್ಪಿಸಬೇಡಿ. ಪೋಲಿಯೊ ಹನಿ ಹಾಕಿಸಿದ ಮೊಮ್ಮಗುವಿನ ಡೈಪರ್ ಬದಲಿಸುವ ಕೆಲಸ ಮಾತ್ರ ಕೆಲವು ವಾರ ಬೇರೆಯವರು ನೋಡಿಕೊಳ್ಳಲಿ.

ಈಗ ರಕ್ತಪರೀಕ್ಷೆಯ ದಿನ. ಚಿಕ್ಕಜಾಲದಿಂದ ನಸುಕಿನ ಬಸ್ ಹಿಡಿದು ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಗೋ ಹೆಬ್ಬಾಳದ ಆಸ್ಪತ್ರೆಗೋ ಹೊರಡುವವರು ಅಭ್ಯಾಸಬಲದಿಂದ ಮನೆಯಲ್ಲೇ ಮಾತ್ರೆ ನುಂಗಿಬಿಡುತ್ತಾರೆ. ಟ್ಯಾಕ್ರೋಲಿಮಸ್ ಮಟ್ಟ ಅಳೆಯಬೇಕಾದದ್ದು ಬೆಳಗಿನ ಡೋಸ್‌ಗೆ ಮುಂಚೆ, ರಾತ್ರಿಯ ಡೋಸ್ ನುಂಗಿ ಸುಮಾರು 12 ಗಂಟೆ ಕಳೆದ ಮೇಲೆ. ನುಂಗಿ ಹೋದರೆ ಲೆಕ್ಕ ತಪ್ಪುತ್ತದೆ, ಡೋಸ್ ಸುಮ್ಮನೆ ಇಳಿಯುತ್ತದೆ. ಮಾತ್ರೆಯನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ, ರಕ್ತ ಕೊಟ್ಟಮೇಲೆ ನುಂಗಿ. ಅಂಗಡಿಯವರು ‘ಇದೂ ಅದೇ’ ಎಂದು ಬೇರೆ ಕಂಪನಿಯದು ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬೇಡಿ. ಮೆಥೊಟ್ರೆಕ್ಸೇಟ್ ನುಂಗುವವರು ನುಂಗುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಂಧಿವಾತಕ್ಕೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿ ಜೀವಕ್ಕೇ ಅಪಾಯ ತಂದುಕೊಂಡವರಿದ್ದಾರೆ.

ಬೇಲಿಯ ಅಮೃತಬಳ್ಳಿಯ ಬಗ್ಗೆಯೂ ಹೇಳಬೇಕು. ಕೋವಿಡ್ ಕಾಲದಲ್ಲಿ ಎಲ್ಲರೂ ಕಷಾಯ ಕುಡಿದೆವು. ಅದೇ ಹೊತ್ತಿನಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಭಾರತದ ವೈದ್ಯರು ವರದಿ ಮಾಡಿದರು. ಶಕ್ತಿ ತಗ್ಗಿಸಲೆಂದೇ ಮಾತ್ರೆ ನುಂಗಿ, ಏರಿಸಲೆಂದು ಕಷಾಯ ಕುಡಿಯುವುದು ಯಾವ ನ್ಯಾಯ?

ವರ್ಷಗಳು ಉರುಳಿದಂತೆ ಗಮನಿಸಬೇಕಾದ ವಿಷಯಗಳ ಪಟ್ಟಿ ಬದಲಾಗುತ್ತದೆ. ಹೊಸ ಗಂಟು, ವಾಸಿಯಾಗದ ಹುಣ್ಣು ಕಂಡರೆ ತೋರಿಸಿ. ಹೆಂಗಸರು ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಿ. ಮಗು ಬೇಕೆಂದಿದ್ದರೆ ಮೊದಲೇ ತಿಳಿಸಿ: ಮೈಕೋಫೆನೊಲೇಟ್ ಮತ್ತು ಮೆಥೊಟ್ರೆಕ್ಸೇಟ್ ಭ್ರೂಣಕ್ಕೆ ಹಾನಿಕರ. ಎರಡು ವಾರ ದಾಟಿದ ಕೆಮ್ಮಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯ ಎಂದಾದರೆ ಕಸಿಯ ವೈದ್ಯರಿಗೆ ಅದೇ ದಿನ ಹೇಳಿ, ಯಾಕೆಂದರೆ ರಿಫಾಂಪಿಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ಪಾತಾಳಕ್ಕೆ ತಳ್ಳುತ್ತದೆ.

ಕೊನೆಯದಾಗಿ ಜ್ವರ. ಸ್ಟೀರಾಯ್ಡ್‌ನಲ್ಲಿರುವವರಿಗೆ ಸೋಂಕು ತಗುಲಿದರೂ ಮೈ ಸುಡದೇ ಇರಬಹುದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಜ್ವರವಿಲ್ಲದೆಯೂ ಉಸಿರು, ಅರಿವು, ಮೂತ್ರ ಯಾವುದಾದರೂ ಬದಲಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡನ್ನು ಮಾತ್ರ ಆ ಗಾಬರಿಯಲ್ಲೂ ನೀವಾಗಿಯೇ ನಿಲ್ಲಿಸಬೇಡಿ. ನೋಟ್‌ಬುಕ್ ಜೊತೆಗಿರಲಿ.